ಗ್ಲೂಕೋಸ್ ರಟ್ಟಿನ ಮೇಲಿನ ಎರಡು ಸಾಲು

ಮೂರನೇ ನೀರೆಣಿಕೆಯ ನಲವತ್ತೊಂದನೇ ವರ್ಷ,
ಕಿರುಗಾಲುವೆ ತಿಂಗಳು, ಮೂವತ್ತನಾಲ್ಕನೇ ದಿನ.
ಮರಳಿಹಾಳ, ತುಂಗಭದ್ರೆಯ ಎಡದಂಡೆ.

ಸಿಸ್ಟರ್ ರತ್ನಮಾಲಾ ಕಟ್ಟೀಮನಿ ಅವರಿಗೆ,

ಮೇಲಿನ ತಾರೀಖು ನೋಡಿ ಇದು ತಲೆ ಕೆಟ್ಟವನ ಕಾಗದ ಎಂದು ಮಡಚಿಡಬೇಡಿ. ನಮ್ಮಲ್ಲಿ ತಿಂಗಳಿಗೆ ಮೂವತ್ತಾರು ದಿನ, ವರ್ಷಕ್ಕೆ ಹತ್ತು ತಿಂಗಳು. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರಿಲ್ಲ. ಆಗ ಕಾಲುವೆ ಮುಚ್ಚಿ, ಊರಿಗೆ ಊರೇ ಇಳಿದು ಹೂಳು ತೆಗೆಯುತ್ತದೆ. ಅಣೆಕಟ್ಟಿನ ಬಾಗಿಲುಗಳನ್ನು ಮೂರನೇ ಸಲ ಬದಲಾಯಿಸಿದ ದಿನದಿಂದ ವರ್ಷ ಎಣಿಸುತ್ತೇವೆ, ಅದಕ್ಕೇ ನೀರೆಣಿಕೆ ಎಂಬ ಹೆಸರು. ನಿಮ್ಮ ಲೆಕ್ಕಕ್ಕೆ ಇದು ಎರಡು ಸಾವಿರದ ನೂರಾ ತೊಂಬತ್ತರ ಆಸುಪಾಸು ಆಗಬಹುದು. ನಿಮ್ಮ ಮೊಮ್ಮಗಳ ಮೊಮ್ಮಗಳು ಯಾರಾದರೂ ಇದ್ದರೆ ಅವಳು ಹೆಚ್ಚುಕಡಿಮೆ ನನ್ನ ವಾರಿಗೆಯವಳು. ನನಗೆ ಈಗ ಎಪ್ಪತ್ತಮೂರು.

ನಮ್ಮ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ ಕಾಲದವರು ಕನ್ನಡದ ನಡುನಡುವೆ ಇಂಗ್ಲಿಷ್ ಹಾಕಿ ಮಾತಾಡುತ್ತಿದ್ದರು ಎಂದು ಕೇಳಿದ್ದೇನೆ. ನಾನು ಕಾಲೇಜಿನಲ್ಲಿ ಎರಡು ವರ್ಷ ಹಳೆಯ ಇಂಗ್ಲಿಷ್ ಓದಿದವನು. ಓದಿದ್ದರಲ್ಲಿ ಮುಕ್ಕಾಲು ಪಾಲು ಹೋಗಿದೆ. ವಿತ್ ಡ್ಯೂ ರೆಸ್ಪೆಕ್ಟ್, ಕೈಂಡ್ಲಿ ಡೂ ದಿ ನೀಡ್‌ಫುಲ್, ಇಂಥ ನಾಲ್ಕು ಮಾತು ಹಳೇ ಪೆಟ್ಟಿಗೆಯ ಗುಂಡಿಗಳ ಹಾಗೆ ಉಳಿದಿವೆ. ನಿಮಗೆ ಹತ್ತಿರ ಅನಿಸಲಿ ಎಂದು ಅಲ್ಲಲ್ಲಿ ಬಳಸುತ್ತೇನೆ. ನನ್ನ ಹೆಂಡತಿ ನೀಲಗಂಗಾ ಇದ್ದಿದ್ದರೆ, "ಸತ್ತವರ ಭಾಷಾದಾಗ ಸತ್ತವರಿಗೇ ಕಾಗದ ಬರ್ಯಾಕತ್ತೀರಿ, ಉತ್ತರ ಬಂದ್ರ ನನಗೂ ತೋರಸ್ರಿ" ಅನ್ನುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ನಾನು ಸುತ್ತಿ ಬಳಸಿ ಮಾತಾಡುವವನು, ಆದ್ದರಿಂದ ಟು ದಿ ಪಾಯಿಂಟ್ ಇಲ್ಲೇ ಹೇಳಿಬಿಡುತ್ತೇನೆ.

ನೀವು ನಿಮ್ಮ ವಾರ್ಡಿನ ಗೋಡೆಗೆ ಒಂದು ರಟ್ಟು ತೂಗುಹಾಕಿದ್ದೀರಿ, ಅಥವಾ ಇನ್ನು ಸ್ವಲ್ಪ ದಿನದಲ್ಲಿ ಹಾಕುತ್ತೀರಿ. ಅದರ ಮೇಲೆ ಎರಡು ಸಾಲು ಇವೆ. ಮೂರನೆಯದೊಂದು ಬರೆಯಬೇಕು, ಇಷ್ಟೇ ನನ್ನ ಬೇಡಿಕೆ. ನೀವು ಬರೆದರೆ, ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ ಯಾರಾದರೂ ನನ್ನ ಹೆಂಡತಿಯ ಎಡಗಾಲನ್ನು ಕಾಲು ತಾಸು ಕೂತು ನೋಡುತ್ತಾರೆ. ನೋಡಿದರೆ ಅವಳು ಮನೆಗೆ ಬರುತ್ತಾಳೆ.

ನಿಮ್ಮ ರಟ್ಟಿನ ಕಥೆ ಇಲ್ಲಿ ಶಾಲೆಯ ಮೂರನೇ ತರಗತಿಯಲ್ಲೇ ಕಲಿಸುತ್ತಾರೆ. ನಿಮ್ಮ ವಾರ್ಡಿಗೆ ಒಬ್ಬ ಮುದುಕ ಕರುಳಿನ ಶಸ್ತ್ರಕ್ರಿಯೆಗೆ ಬಂದಿದ್ದ. ಏನೂ ಕೊಡಬೇಡಿ ಎಂದು ಒಬ್ಬ ಡಾಕ್ಟರು ಅವನ ಮಗಳಿಗೆ ಹೇಳಿದರು. ಅರ್ಧ ತಾಸಿಗೆ ಇನ್ನೊಬ್ಬರು ಬಂದು, ಇವತ್ತು ಆಪರೇಷನ್ ಆಗಲಿಕ್ಕಿಲ್ಲ ಎಂದರು. ಹಾಗಾದರೆ ಚಹಾ ಕೊಡಬಹುದೇ ಎಂದು ಮಗಳು ಕೇಳಿದಾಗ ಅಲ್ಲಿದ್ದ ನರ್ಸ್ ಕೊಡಿ ಎಂದಳು. ಮುದುಕ ಚಹಾ ಕುಡಿದ. ಆಮೇಲೆ ಮೊದಲನೆಯ ಡಾಕ್ಟರು ಅವನನ್ನು ಒಳಗೆ ಒಯ್ದರು. ಅವನು ವಾಪಸು ಬರಲಿಲ್ಲ. ಜನ ಕಿಟಕಿ ಗಾಜು ಒಡೆದರು. ಮಾರನೇ ದಿನ ನೀವು ಗ್ಲೂಕೋಸ್ ಬಾಟಲಿ ಬರುವ ಪೆಟ್ಟಿಗೆಯ ಮುಚ್ಚಳ ಹರಿದು, ನೀಲಿ ಮಾರ್ಕರಿನಿಂದ ಬರೆದಿರಿ:

ಎಲ್ಲರೂ ಸೇರಿ ಮಾತಾಡಿ.
ಹೊರಗೆ ಒಂದೇ ಮಾತು ಹೇಳಿ.

ಆ ರಟ್ಟು ಈಗ ನಮ್ಮ ಆರೈಕೆಮನೆಯ ಹೆಬ್ಬಾಗಿಲಿನಲ್ಲಿ ಗಾಜಿನ ಹಿಂದೆ, ಕರಿಮರದ ಚೌಕಟ್ಟಿನಲ್ಲಿ ಇದೆ. ಆರೈಕೆಮನೆ ಅಂದರೆ ನಿಮ್ಮ ಆಸ್ಪತ್ರೆಯೇ. ಹಬ್ಬದ ದಿನ ಅದಕ್ಕೆ ಹೂ ಏರಿಸುತ್ತಾರೆ. ಮೊದಲ ನಲವತ್ತು ಐವತ್ತು ವರ್ಷ ಆ ಎರಡು ಸಾಲು ಎಷ್ಟು ಜನರನ್ನು ಉಳಿಸಿದವೋ ಲೆಕ್ಕ ಇಟ್ಟವರಿಲ್ಲ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ, ವಿತ್ ಡ್ಯೂ ರೆಸ್ಪೆಕ್ಟ್. ಆಮೇಲೆ ಏನಾಯಿತೆಂದರೆ, ಮೊದಲ ಸಾಲಿಗಿಂತ ಎರಡನೆಯದು ಮಾಡಲು ಸುಲಭ ಎಂದು ನಮ್ಮ ಹಿರಿಯರಿಗೆ ಗೊತ್ತಾಯಿತು.

ಈಗಿನ ವ್ಯವಸ್ಥೆ ಹೀಗಿದೆ. ಪ್ರತಿ ವಾರ್ಡಿನ ನಡುವೆ ಒಂದು ದುಂಡು ಬಂಡೆ ಇರುತ್ತದೆ, ಸೊಂಟದೆತ್ತರ, ಅದಕ್ಕೆ ಕೂಡುಗಲ್ಲು ಎನ್ನುತ್ತೇವೆ. ಬೆಳಿಗ್ಗೆ ಡಾಕ್ಟರು, ನರ್ಸು, ಔಷಧದವರು, ಮಲಗಿದವರನ್ನು ಹೊರಳಿಸಿ ಮೈ ಒರೆಸುವ ಹೊರಳಾಳುಗಳು, ಎಲ್ಲ ಅದರ ಸುತ್ತ ನಿಲ್ಲುತ್ತಾರೆ. ಒಬ್ಬೊಬ್ಬ ರೋಗಿಯ ಬಗ್ಗೆ ತಾವು ಕಂಡದ್ದು ಹೇಳುತ್ತಾರೆ. ಅವರ ನಡುವೆ ಒಬ್ಬ ಒಮ್ಮಾತಿಗ ಇರುತ್ತಾನೆ. ಅವನು ಕೇಳಿದ್ದೆಲ್ಲವನ್ನೂ ಕರಿಹಲಗೆಯ ಮೇಲೆ ಗೀಚಿಕೊಂಡು, ಎಲ್ಲರೂ ಒಪ್ಪುವಂಥ ಒಂದೇ ವಾಕ್ಯ ಕಟ್ಟಿ ಕಾಗದಕ್ಕೆ ಇಳಿಸುತ್ತಾನೆ. ಅದೇ ಆ ರೋಗಿಯ ಅಂದಿನ ಒಮ್ಮಾತು. ಎಲ್ಲರೂ ಅದಕ್ಕೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದ ಮೇಲೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ನಂತರ ಮರುದಿನದ ಬೆಳಗಿನವರೆಗೆ ಯಾರೇ ಆಗಲಿ, ತಮ್ಮ ತಮ್ಮಲ್ಲಿಯೂ, ರೋಗಿಯ ಹತ್ತಿರವೂ, ಆ ವಾಕ್ಯ ಬಿಟ್ಟು ಬೇರೆ ಹೇಳುವಂತಿಲ್ಲ. ಮನೆಯವರು ಏನೇ ಕೇಳಿದರೂ ಒಮ್ಮಾತೇ ಉತ್ತರ. ನೋಡಲು ಬಲು ಚೆಂದ. ವಾರ್ಡಿನಲ್ಲಿ ಒಂದು ಎತ್ತರದ ದನಿ ಕೇಳಿಸುವುದಿಲ್ಲ. ಹೊರ ಊರಿನವರು ಬಂದು ನೋಡಿ, ನಿಮ್ಮವರು ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತಾರಪ್ಪ ಎಂದು ತಲೆದೂಗಿ ಹೋಗುತ್ತಾರೆ.

ನಾನು ಮೂವತ್ತೊಂದು ವರ್ಷ ಒಮ್ಮಾತಿಗನಾಗಿದ್ದೆ. ಒಳ್ಳೆಯ ಒಮ್ಮಾತಿಗ ಎಂದು ಹೆಸರಿತ್ತು. ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆದರೂ, ನಾಲ್ವರಿಗೂ ಇದು ನಮ್ಮದೇ ಮಾತು ಅನಿಸುವ ಹಾಗೆ ವಾಕ್ಯ ಮಾಡುತ್ತಿದ್ದೆ. ಕಾಲೇಜಿನ ಇಂಗ್ಲಿಷ್ ಇಲ್ಲಿ ಉಪಯೋಗಕ್ಕೆ ಬಂತು ಅಂದರೆ ನೀವು ನಗಬಹುದು. ಹಳೇ ಸರ್ಕಾರಿ ಇಂಗ್ಲಿಷಿನಲ್ಲಿ ದಿ ಮ್ಯಾಟರ್ ಈಸ್ ಅಂಡರ್ ಕನ್ಸಿಡರೇಷನ್ ಎಂದೊಂದು ಮಾತು ಬರುತ್ತಿತ್ತು, ನೆನಪಿದೆಯೇ? ಯಾರು ಕನ್ಸಿಡರ್ ಮಾಡುತ್ತಾರೆ ಎಂದು ಅದರಲ್ಲಿ ಇರುವುದೇ ಇಲ್ಲ. ಆ ಮಾತಿನ ಸೊಗಸು ನನಗೆ ಬಹಳ ಹಿಡಿಸಿತ್ತು.

ಮನೆಯಲ್ಲೂ ನಾನು ಹಾಗೇ. ನೀಲಗಂಗಾ ನೀರು ಸೋಸುವ ಬಂಡಿಗಳ ರಿಪೇರಿ ಮಾಡುತ್ತಿದ್ದಳು. ಬಂಡಿ ಅಂದರೆ ಕಾಲುವೆ ಗುಂಟ ಓಡಾಡುವ ದೊಡ್ಡ ತೊಟ್ಟಿ, ಓಣಿಓಣಿಗೆ ನಿಂತು ನೀರು ಕೊಡುತ್ತದೆ. ಸದಾ ಕೈಯಲ್ಲಿ ಮರಳಿನ ವಾಸನೆ, ಕಾಲಲ್ಲಿ ರಬ್ಬರಿನ ಬೂಟು. ಬಾಯಿ ಬಹಳ ಜೋರು. ಬಿಸಿಲಿನ ಸೈರನ್ ಆದ ಮೇಲೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಆ ಮೂರು ತಾಸು ನಮ್ಮ ಓಣಿಯವರೆಲ್ಲ ಒದ್ದೆ ಗೋಣಿ ಇಳಿಬಿಟ್ಟ ಪಡಸಾಲೆಯಲ್ಲಿ ಕೂತು ರೊಟ್ಟಿ ತಿನ್ನುತ್ತಾ ಜಗಳ ಆಡುತ್ತಾರೆ. ರೊಟ್ಟಿ ಇನ್ನೂ ಇದೆ, ಅದರ ಬಗ್ಗೆ ಚಿಂತೆ ಬೇಡ, ಜೋಳ ಸ್ವಲ್ಪ ಕೆಂಪಾಗಿದೆ ಅಷ್ಟೇ. ಆ ಜಗಳಗಳಲ್ಲಿ ನಾನು ನಡುವೆ ಹೋಗಿ ಇಬ್ಬರಿಗೂ ಒಪ್ಪುವಂತೆ ಏನಾದರೂ ಹೇಳಿದರೆ ನೀಲಗಂಗಾ ಅಲ್ಲಿಂದಲೇ ಕೂಗುತ್ತಿದ್ದಳು. "ನೋಡ್ರಿ, ಬಂದ ನಮ್ಮ ಇಸ್ತ್ರಿ ಪೆಟ್ಟಿಗಿ. ಅವಾ ತಿಕ್ಕಿದ್ರ ನಿಮ್ಮ ಜಗಳದಾಗ ಒಂದು ನಿರಿಗಿ ಉಳಿಯೂದಿಲ್ಲ." ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ದಿನ ಬಂಡಿಯ ಮೆಟ್ಟಿಲಿನಿಂದ ಜಾರಿ ಬಿದ್ದು ಅವಳ ಎಡ ಸೊಂಟ ಮುರಿಯಿತು. ಡಾಕ್ಟರ್ ಶಂಶಾದ್ ಮೂಳೆ ಕೂರಿಸಿ ಜೋಡಿಸಿದರು. ಒಳ್ಳೆಯ ಕೈ ಅವರದು, ಇವತ್ತಿಗೂ ಹೇಳುತ್ತೇನೆ. ಅವಳನ್ನು ಮಲಗಿಸಿದ್ದು ನನ್ನದೇ ವಾರ್ಡಿನಲ್ಲಿ. ತನ್ನ ಮನೆಯವರ ಒಮ್ಮಾತನ್ನು ತಾನೇ ಕಟ್ಟಬಾರದೆಂಬುದು ವಾಡಿಕೆ. ಅವಳ ಸರದಿ ಬಂದಾಗ ಪಕ್ಕದ ವಾರ್ಡಿನ ಒಮ್ಮಾತಿಗ ಬಂದು ಕಟ್ಟುತ್ತಿದ್ದ. ನಾಲ್ಕನೇ ದಿನ ಅವನು ಮಗಳ ಮದುವೆಗೆ ರಜೆ ಹಾಕಿದ. ಡಾಕ್ಟರ್ ಶಂಶಾದ್ ನನಗೇ ಹೇಳಿದರು, "ಯಮನೂರಪ್ಪನವರ, ಇವತ್ತೊಂದ ದಿನ ನೀವ ಮಾಡಿಬಿಡ್ರಿ. ನಿಮ್ಮಷ್ಟು ಚೆಂದ ಮತ್ಯಾರು ಮಾಡ್ತಾರ?" ನಾನು ಒಪ್ಪಿದೆ. ಒಪ್ಪುವಾಗಲೇ ಮನಸ್ಸಿನಲ್ಲಿ ಒಂದು ಗಟ್ಟಿ ಮಾಡಿಕೊಂಡಿದ್ದೆ: ಹೆಂಡತಿ ಅಂತ ಒಂದು ಕೂದಲೆಳೆಯಷ್ಟೂ ಆ ಕಡೆ ವಾಲಬಾರದು. ನೋಡ್ರಿ, ಯಮನೂರಪ್ಪ ಸ್ವಂತ ಹೆಂಡತಿ ಬಂದ ಕೂಡಲೇ ಹೇಗೆ ಎಳೆದಾಡಿದ ಎಂದು ನಾಳೆ ಯಾರೂ ಆಡಿಕೊಳ್ಳಬಾರದು.

ಅಂದು ಹದಿನಾಲ್ಕು ರೋಗಿಗಳಿದ್ದರು, ನೀಲಗಂಗಾ ಹನ್ನೊಂದನೆಯವಳು. ನಿಂತು ನಿಂತು ಎಲ್ಲರ ಕಾಲು ಸೋತಿದ್ದವು. ಇವತ್ತು ನಡೆಸೋಣ, ಮಲಗಿಸಿದಷ್ಟೂ ಕೆಡುಕು ಎಂದರು ಡಾಕ್ಟರು. ಆಗ ಹೊರಳಾಳು ಹುಲಿಗೆವ್ವ ಬಾಯಿ ತೆರೆದಳು. ಹುಲಿಗೆವ್ವ ಇಪ್ಪತ್ತು ವರ್ಷದಿಂದ ಜನರನ್ನು ಮಗ್ಗುಲು ಬದಲಾಯಿಸುವ ಹೆಂಗಸು. ಅವಳದೊಂದು ಸ್ವಂತ ಪದ್ಧತಿ ಇತ್ತು, ಯಾವ ಪುಸ್ತಕದಲ್ಲೂ ಇಲ್ಲದ್ದು. ಮಲಗಿದವರ ಎರಡೂ ಮೀನಖಂಡಗಳಿಗೆ ಹಸಿರು ನೂಲಿನ ದಾರ ಸಡಿಲವಾಗಿ ಕಟ್ಟುತ್ತಿದ್ದಳು. ಹೊರಳಿಸುವಾಗೆಲ್ಲ ಅದರೊಳಗೆ ಬೆರಳು ತೂರಿಸಿ ನೋಡುತ್ತಿದ್ದಳು. ಹೊಸಬರು ಅದನ್ನು ದೃಷ್ಟಿದಾರ ಎಂದು ತಿಳಿದು ನಗುತ್ತಿದ್ದರು.

"ಎಡಗಾಲಿನ ದಾರ ಬಿಗಿ ಆಗೇತ್ರಿ," ಅಂದಳು. "ನಿನ್ನಿ ನನ್ನ ಬಟ್ಟು ಆಡತಿತ್ತು, ಇವತ್ತ ತೂರವಲ್ದು. ಮುಟ್ಟಿದ್ರ ಬಿಸಿ ಐತಿ."

"ಹುಲಿಗೆವ್ವ, ಸೊಂಟ ಕೊಯ್ದು ಜೋಡಿಸಿದ ಕಾಲು ಅದು. ಅದು ಬಾತಿಲ್ಲಂದ್ರ ಮತ್ಯಾವುದು ಬಾಯಬೇಕು, ನಂದಾ?" ಅಂದರು ಡಾಕ್ಟರು. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದರು.

"ತೊಡಿ ಬಾತ್ರ ನಾ ಸುಮ್ಮನಿರತಿದ್ದೆರಿ. ಇದು ಮೀನಖಂಡ."

ನರ್ಸ್ ಪಂಪಾಪತಿ ಕೆಳಗೆ ನೋಡುತ್ತಲೇ, "ಒಮ್ಮೆ ಕಾಣುಗಾಜು ಹಿಡದು ನೋಡೂಣೇನ್ರಿ?" ಎಂದ. ಕಾಣುಗಾಜು ಅಂದರೆ ಚರ್ಮದ ಮೇಲಿಟ್ಟರೆ ಒಳಗಿನ ರಕ್ತ ಹರಿಯುವುದು, ಕಟ್ಟಿರುವುದು, ಎಲ್ಲ ಕಾಣಿಸುವ ಗಾಜು. ಕಾಲು ತಾಸಿನ ಕೆಲಸ. ಆದರೆ ಅದು ಮೇಲಿನ ಮಹಡಿಯಲ್ಲಿತ್ತು, ಇನ್ನೂ ಮೂರು ರೋಗಿಗಳು ಬಾಕಿ ಇದ್ದರು. ಪಂಪಾಪತಿ ಕೇಳಿದ್ದು ಯಾರನ್ನು ಎಂದು ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಅವರ ಮಾತು ಸೇರಿಸುವುದು ನನ್ನ ಕೆಲಸ. ನಾನು ಸೇರಿಸಿದೆ.

ನೀಲಗಂಗಾ ಚೇತರಿಸಿಕೊಳ್ಳುತ್ತಿದ್ದಾರೆ, ಕಾಲಿನ ಬಾವು ಗಮನದಲ್ಲಿದೆ, ಇಂದು ನಡೆಸಲಾಗುವುದು.

ಸಿಸ್ಟರ್, ಆ ವಾಕ್ಯವನ್ನು ಎರಡು ವರ್ಷದಿಂದ ದಿನಾ ಓದುತ್ತಿದ್ದೇನೆ. ಅದರಲ್ಲಿ ಸುಳ್ಳಿಲ್ಲ. ನಡೆಸುತ್ತೇವೆ ಎಂದು ಡಾಕ್ಟರಿಗೆ ಸಮಾಧಾನವಾಯಿತು. ಯಾರೋ ಗಮನಿಸುತ್ತಾರೆ ಎಂದು ಪಂಪಾಪತಿಗೆ ಸಮಾಧಾನ. ತನ್ನ ಮಾತು ಒಳಗೆ ಸೇರಿತು ಎಂದು ಹುಲಿಗೆವ್ವನಿಗೆ ಸಮಾಧಾನ. ಯಾರ ಗಮನದಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಹುಲಿಗೆವ್ವನೂ ಒತ್ತಿದಳು, ಸೀರೆ ಸೆರಗಿಗೆ ಬೆರಳು ಒರೆಸಿಕೊಂಡು. ನಾನು ಬಟ್ಟೆ ಅದ್ದಿ ಹಲಗೆ ಒರೆಸಿದೆ. ದಾರ, ಬಿಸಿ, ಮೀನಖಂಡ, ಮೂರೂ ಹೋದವು. ಹನ್ನೆರಡನೆಯವರನ್ನು ಎತ್ತಿಕೊಂಡೆವು.

ಕೂಡುಗಲ್ಲು ಮುಗಿದ ಮೇಲೆ ನೀಲಗಂಗಾಳ ಹಾಸಿಗೆಯ ಹತ್ತಿರ ಹೋದೆ. ಅವಳು ದಿಂಬಿಗೆ ಒರಗಿ ಮಂಡಕ್ಕಿ ತಿನ್ನುತ್ತಿದ್ದಳು. "ಹುಲಿಗೆವ್ವ ನನ್ನ ಕಾಲಾಗ ಬಟ್ಟು ತುರುಕಿ ಮಾರಿ ಸಣ್ಣ ಮಾಡಿದ್ಲಲ್ಲ, ಅದೇನಾತು?" ಎಂದು ಕೇಳಿದಳು. ನನ್ನ ಹೆಂಡತಿ ನನ್ನನ್ನು ಕೇಳಿದಳು. ಮದುವೆಯಾಗಿ ನಲವತ್ತಾರು ವರ್ಷ. ನಾನು ಅವಳಿಗೆ ಏನು ಹೇಳಿದೆ ಗೊತ್ತೇ? ನೀಲಗಂಗಾ ಚೇತರಿಸಿಕೊಳ್ಳುತ್ತಿದ್ದಾರೆ, ಕಾಲಿನ ಬಾವು ಗಮನದಲ್ಲಿದೆ, ಇಂದು ನಡೆಸಲಾಗುವುದು. ಅಷ್ಟನ್ನೇ ಹೇಳಿದೆ, ಅದೇ ಬಹುವಚನದಲ್ಲಿ. ಪಕ್ಕದ ಹಾಸಿಗೆಯವರು ಕೇಳಿಸಿಕೊಳ್ಳುತ್ತಿದ್ದರು. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಮಂಡಕ್ಕಿ ಪೊಟ್ಟಣ ನನ್ನ ಕಡೆ ಚಾಚಿ, "ತಿನ್ರಿ ಸಾಹೇಬ್ರ. ಮನಿಗೆ ಹೋದ ಮ್ಯಾಲ ಗಂಡನ್ನ ಕಳಸ್ರಿ, ಅವನ ಜೋಡಿ ಮಾತಾಡತೀನಿ" ಅಂದಳು.

ಬಿಸಿಲಿನ ಸೈರನ್ ಆಗುವುದಕ್ಕೆ ಸ್ವಲ್ಪ ಮೊದಲು ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಹನ್ನೊಂದು ಹೆಜ್ಜೆ ನಡೆದಳು. ಹನ್ನೆರಡನೆಯದಕ್ಕೆ ನಿಂತು, ಎದೆ ಮೇಲೆ ಕೈ ಇಟ್ಟುಕೊಂಡು, ಏನೋ ಮರೆತವಳ ಹಾಗೆ ಹಿಂದೆ ತಿರುಗಿ ನೋಡಿದಳು. ಕಾಲಿನಲ್ಲಿ ಗಟ್ಟಿಯಾಗಿದ್ದ ರಕ್ತದ ಗಂಟು ಕಿತ್ತು ಎದೆಗೆ ಹೋಗಿತ್ತು. ಎಲ್ಲರೂ ಓಡಿ ಬಂದರು. ಎಲ್ಲರೂ ಮಾಡಬೇಕಾದದ್ದನ್ನೆಲ್ಲ ಮಾಡಿದರು, ಬಹಳ ಹೊಂದಿಕೊಂಡು, ಒಬ್ಬರ ಕೈಗೆ ಒಬ್ಬರು ಅಡ್ಡ ಬಾರದ ಹಾಗೆ.

ವಿಚಾರಣೆ ಆಯಿತು. ವಿಚಾರಣೆಗೆ ಬಂದವರು ಒಳ್ಳೆಯ ಮನುಷ್ಯರು, ನನಗೆ ನೀರು ಕೊಟ್ಟು ಕೂರಿಸಿದರು. ಹುಲಿಗೆವ್ವ ದಾರದ ಮಾತು ಹೇಳಿದ್ದಳು ಎಂದೆ. ಎಲ್ಲಿದೆ ಎಂದು ಕೇಳಿದರು. ಹಲಗೆ ಒರೆಸಿಯಾಗಿತ್ತು. ಒರೆಸಿದವನು ನಾನೇ. ಒಮ್ಮಾತಿನ ಕೆಳಗೆ ಐದು ಹೆಬ್ಬೆಟ್ಟು ಇದ್ದವು, ಒಂದೂ ಮಾಸಿರಲಿಲ್ಲ. ಹುಲಿಗೆವ್ವನನ್ನು ಕರೆಸಿದರು. ಅವಳು ನನ್ನ ಕಡೆ ನೋಡದೆ, "ಬಟ್ಟು ಒತ್ತೇನಲ್ರಿ. ಒತ್ತಿದ ಮ್ಯಾಲ ನನ್ನ ಮಾತು ಬ್ಯಾರೆ ಐತಿ ಅಂತ ಹೆಂಗ ಹೇಳ್ಲಿ?" ಎಂದಳು. ತಂಡ ಸಂಪೂರ್ಣ ಹೊಂದಾಣಿಕೆಯಿಂದ ವರ್ತಿಸಿದೆ ಎಂದು ಬರೆದು ಮುಗಿಸಿದರು. ನಿಜ. ಅದೂ ಸುಳ್ಳಲ್ಲ. ಹೊರಗೆ ಬಂದ ಮೇಲೆ ಹುಲಿಗೆವ್ವ ಸೆರಗಿನ ಗಂಟು ಬಿಚ್ಚಿ ಆ ಹಸಿರು ದಾರ ನನ್ನ ಕೈಗಿಟ್ಟಳು. ಕತ್ತರಿಯಿಂದ ಕತ್ತರಿಸಿ ತೆಗೆದದ್ದು. ಗಂಟು ಇನ್ನೂ ಹಾಗೇ ಇದೆ. ಅವಳು ಕೆಲಸ ಬಿಡಲಿಲ್ಲ, ದಾರ ಕಟ್ಟುವುದನ್ನು ಮಾತ್ರ ಬಿಟ್ಟಿದ್ದಾಳಂತೆ.

ನಾನು ಕೆಲಸ ಬಿಟ್ಟೆ. ಹಲಗೆ ಒರೆಸುವುದನ್ನು ನಿಲ್ಲಿಸಿ ಎಂದು ಸಿಕ್ಕಸಿಕ್ಕಲ್ಲಿ ಹೇಳಿ ನೋಡಿದೆ. ಎಲ್ಲರೂ ಕೇಳಿಸಿಕೊಂಡರು. ಪಾಪ, ಹೆಂಡತಿ ಹೋದ ದುಃಖ ಎಂದರು. ಕೊನೆಗೆ ಎಲ್ಲರೂ ರಟ್ಟನ್ನೇ ತೋರಿಸಿದರು. ರಟ್ಟಿನಲ್ಲಿ ಹೀಗಿದೆಯಲ್ಲ ಯಮನೂರಪ್ಪನವರೆ, ಒಂದೇ ಮಾತು. ಅದನ್ನು ಮೀರುವವರು ಅವರೂ ಅಲ್ಲ, ನಾನೂ ಅಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಹೇಗೆ ಬರೆಯುತ್ತಿದ್ದೇನೆ ಎಂದು ಕೇಳುತ್ತೀರಿ. ಹಳೆಯ ಉಗ್ರಾಣದಲ್ಲಿ ಹಿನ್ನೋಲೆ ಕಚೇರಿ ಎಂದೊಂದಿದೆ. ಆಗಿಹೋದ ಕಾಲಕ್ಕೆ ಅಲ್ಲಿಂದ ಕಾಗದ ಕಳಿಸಬಹುದು. ಒಬ್ಬ ಮನುಷ್ಯನಿಗೆ ಜನ್ಮಕ್ಕೆ ಒಂದೇ. ಅಲ್ಲೇ ಕೂತು ಬರೆಯಬೇಕು, ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಹಾಳೆ ಬದಲಾಯಿಸುವಂತಿಲ್ಲ. ಗೋಡೆಯಲ್ಲಿ ಒಂದು ಸೀಳಿದೆ, ಅದರೊಳಗೆ ಹಾಕಿದರೆ ಆಯಿತು. ಮುಟ್ಟುತ್ತದೆಯೇ ಎಂದು ಅಲ್ಲಿನ ಗುಮಾಸ್ತ ಕಳಕಪ್ಪನನ್ನು ಕೇಳಿದೆ. ಅವನು ಕಡಲೆ ಸುಲಿಯುತ್ತಾ ಹೇಳಿದ, "ಮುಟ್ಟಿದ್ರ ನಿಮ್ಮ ದುಃಖನ ಇರತಿದ್ದಿಲ್ಲ ಯಜಮಾನ್ರ. ದುಃಖ ಇಲ್ಲದವರು ಇಲ್ಲಿಗ್ಯಾಕ ಬರತಾರ? ಇಲ್ಲಿಗೆ ಬರೂರೆಲ್ಲಾ ಮುಟ್ಟಲಾರದ ಕಾಗದದವರ." ಹಾಗಾದರೆ ಕಚೇರಿ ಯಾಕೆ ಇಟ್ಟಿದ್ದೀರಿ ಎಂದೆ. "ಜನ ಬರತಾರಲ್ರಿ," ಎಂದು ಒಂದು ಹಿಡಿ ಕಡಲೆ ಕೊಟ್ಟ.

ಆದರೂ ಬರೆಯುತ್ತಿದ್ದೇನೆ. ನಾನು ಪ್ರತಿ ಗುರುವಾರ ಹೆಬ್ಬಾಗಿಲಿಗೆ ಹೋಗಿ ನಿಮ್ಮ ರಟ್ಟನ್ನು ನೋಡುತ್ತೇನೆ. ಎರಡನೇ ಸಾಲಿನ ಕೆಳಗೆ, ಚೌಕಟ್ಟಿನ ಪಟ್ಟಿಯವರೆಗೆ, ಎರಡು ಬೆರಳಿನಷ್ಟು ಖಾಲಿ ಜಾಗ ಇದೆ. ನೀವು ಬರೆದಿದ್ದರೆ ಅದು ಅಲ್ಲಿ ಇಷ್ಟು ಹೊತ್ತಿಗೆ ಹಳೆಯದಾಗಿ ಕಾಣಿಸಬೇಕು. ಕಾಣಿಸುತ್ತಿಲ್ಲ. ಕಾಗದ ಇನ್ನೂ ಹಾಕಿಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಳ್ಳುತ್ತೇನೆ. ಸಿಸ್ಟರ್, ಕೈಂಡ್ಲಿ ಡೂ ದಿ ನೀಡ್‌ಫುಲ್. ಯಾರಾದರೂ ಒಪ್ಪದಿದ್ದರೆ ಅವರ ಮಾತನ್ನು ಒರೆಸಬೇಡಿ, ಇಷ್ಟು ಬರೆದರೆ ಸಾಕು. ಸಣ್ಣ ಅಕ್ಷರದಲ್ಲಾದರೂ ಸರಿ.

ಮೇಲಿನದನ್ನು ಬರೆದು, ಹಾಳೆಯನ್ನು ಕಳಕಪ್ಪನ ವಶಕ್ಕೆ ಕೊಟ್ಟುಹೋಗಿ ನಾಲ್ಕು ದಿನವಾಯಿತು. ಹೊಡೆದುಹಾಕುವಂತಿಲ್ಲವಾದ್ದರಿಂದ ಅದು ಹಾಗೇ ಇರಲಿ. ಆ ನಡುವೆ ಒಂದು ಸಂಗತಿ ನಡೆಯಿತು.

ರಟ್ಟಿನ ಚೌಕಟ್ಟಿಗೆ ಗೆದ್ದಲು ಹತ್ತಿದೆ, ಹೊಸದು ಹಾಕಿಸುತ್ತಾರೆ ಎಂದು ಗೊತ್ತಾಗಿ ನಾನು ಹೋಗಿ ನಿಂತಿದ್ದೆ. ಬಡಗಿ ಮೌನೇಶಾಚಾರಿ ಹಳೆಯ ಪಟ್ಟಿಗಳನ್ನು ಒಂದೊಂದಾಗಿ ಕಿತ್ತ. ಕೆಳಗಿನ ಪಟ್ಟಿ ಅಗಲವಾದದ್ದು, ನಾಲ್ಕು ಬೆರಳು. ಅದನ್ನು ಎತ್ತಿದಾಗ ಅದರ ಅಡಿ ರಟ್ಟು ಇನ್ನೂ ಇತ್ತು. ಬಿಸಿಲು ಕಾಣದೆ ಹೊಸದರ ಹಾಗೆ ಕಂದುಬಣ್ಣವಾಗಿಯೇ ಉಳಿದಿತ್ತು. ಅದರ ಮೇಲೆ ನಿಮ್ಮದೇ ನೀಲಿ ಅಕ್ಷರ. ಜಾಗ ಸಾಲದೆಂದು ಅಂಚಿಗೆ ಒತ್ತಿ ಸಣ್ಣಗೆ ಬರೆದಿದ್ದೀರಿ:

ಯಾರಿಗಾದರೂ ಅನುಮಾನ ಬಂದರೆ ಮೊದಲು ಅದನ್ನು ನೋಡಿ. ಆಯಾ ಹೇಳಿದರೂ ನೋಡಿ.

ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನೀವು ಬರೆದಿದ್ದಿರಿ. ನಾನು ಕೇಳುವುದಕ್ಕಿಂತ ಮೊದಲೇ, ನನಗಿಂತ ಚೆನ್ನಾಗಿ ಬರೆದಿದ್ದಿರಿ. ನಮ್ಮವರಲ್ಲಿ ಯಾರೋ ಒಬ್ಬರು ಚೌಕಟ್ಟು ಕಟ್ಟಿಸುವಾಗ ಅಳತೆ ಒಂದಿಷ್ಟು ಕಡಿಮೆ ಬಿತ್ತು, ಪಟ್ಟಿಯನ್ನು ಅದರ ಮೇಲೆ ಕೂರಿಸಿದರು. ಬೇಕೆಂದೇ ಮಾಡಿದರು ಎಂದು ನಾನು ಹೇಳಲಾರೆ. ಮರದ ತುಂಡು ಅಷ್ಟೇ ಇತ್ತೇನೋ.

ಓಡಿಹೋಗಿ ಮೇಲ್ವಿಚಾರಕರನ್ನು ಕರೆತಂದೆ. ಓಡಿದೆ ಅಂದರೆ ನನ್ನ ವಯಸ್ಸಿಗೆ ಎಷ್ಟೋ ಅಷ್ಟು. ಅವರು ಬಗ್ಗಿ ಎರಡು ಸಲ ಓದಿದರು. ಡಾಕ್ಟರ್ ಶಂಶಾದ್ ಕೂಡ ಬಂದರು. ಅವರೂ ಬಗ್ಗಿ ಓದಿದರು. ಆಮೇಲೆ ನನ್ನ ಭುಜ ಮುಟ್ಟಿ ಒಳಗೆ ಹೋದರು. ಮೇಲ್ವಿಚಾರಕರು ಮೆತ್ತಗೆ ಹೇಳಿದರು, ಪಾಠದಲ್ಲಿ ಎರಡೇ ಸಾಲು ಇವೆ, ಎಲ್ಲ ಆರೈಕೆಮನೆಗಳಲ್ಲೂ ಎರಡೇ ಸಾಲಿನ ಪ್ರತಿ ಇದೆ, ಈಗ ಒಮ್ಮೆಲೇ ಮೂರು ಎಂದರೆ ಜನರಿಗೆ ಗೊಂದಲ ಆಗುತ್ತದೆ, ಎಲ್ಲರೂ ಸೇರಿ ಕೂತು ಒಂದು ಮಾತಿಗೆ ಬರುವವರೆಗೆ ಹೀಗೇ ಇರಲಿ. ವಿಷಯ ಗಮನದಲ್ಲಿದೆ ಎಂದರು. ಆ ವಾಕ್ಯ ಅವರಿಗೆ ಕಲಿಸಿದವರಲ್ಲಿ ನಾನೂ ಒಬ್ಬ. ಹೊಸ ಪಟ್ಟಿಯನ್ನು ಸ್ವಲ್ಪ ಸಣ್ಣ ಮಾಡಬಹುದಲ್ಲ ಎಂದು ಮೌನೇಶಾಚಾರಿಯನ್ನು ಕೇಳಿದೆ. "ಅಳತಿ ಕೊಟ್ಟಾರ್ರಿ ಯಜ್ಜಾರ, ಹಳೇದ ಅಳತಿ. ಹಂಗ ಕೊಯ್ಕೊಂಡ ಬಂದೀನಿ," ಎಂದ. ಅವನ ಕೈಯಲ್ಲಿ ಹೊಸ ಪಟ್ಟಿ ಆಗಲೇ ಇತ್ತು, ನಾಲ್ಕು ಬೆರಳು ಅಗಲ.

ಆದ್ದರಿಂದ ಸಿಸ್ಟರ್, ನನ್ನ ಬೇಡಿಕೆ ಬದಲಾಗಿದೆ. ಹೊಸದಾಗಿ ಏನೂ ಬರೆಯಬೇಡಿ. ಆ ಮೂರನೆಯದನ್ನು ಮೊದಲು ಬರೆಯಿರಿ, ರಟ್ಟಿನ ತಲೆಯಲ್ಲಿ, ದೊಡ್ಡ ಅಕ್ಷರದಲ್ಲಿ. ಜಾಗ ಸಾಲದಿದ್ದರೆ ಒಂದೇ ಮಾತು ಹೇಳಿ ಎಂಬುದು ಕೆಳಗೆ ಅಂಚಿಗೆ ಹೋಗಲಿ. ಚೌಕಟ್ಟು ಮಾಡುವವರು ಅದನ್ನು ಮುಚ್ಚಿದರೆ ಮುಚ್ಚಲಿ, ಅದು ಹೇಗೂ ನಮ್ಮ ಜನಕ್ಕೆ ಯಾರೂ ಹೇಳಿಕೊಡದೆಯೂ ಬರುತ್ತದೆ. ನಿಮ್ಮ ವಾರ್ಡಿನಲ್ಲೂ ಯಾರೋ ಒಬ್ಬ ಆಯಾ ಇರಬೇಕು, ಏನನ್ನೋ ಕಂಡು ನಿಮಗೆ ಹೇಳಿದವಳು, ಇಲ್ಲದಿದ್ದರೆ ನಿಮಗೆ ಆ ಸಾಲು ಹೊಳೆಯುತ್ತಿರಲಿಲ್ಲ. ಅವಳ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಐ ಶಲ್ ಬಿ ಹೈಲಿ ಆಬ್ಲೈಜ್ಡ್. ಇದು ಸರಿಯಾದ ಜಾಗದಲ್ಲಿ ಬಂತೋ ಇಲ್ಲವೋ ತಿಳಿಯದು.

ಹಾಳೆ ಮುಗಿಯುತ್ತ ಬಂತು. ಕಳಕಪ್ಪ ಬಾಗಿಲು ಹಾಕಬೇಕು ಎಂದು ಎರಡು ಸಲ ಕೆಮ್ಮಿದ. ಮುಗಿಸುವ ಮೊದಲು ಅವನಿಗೆ ಹೇಳಿ ಒಮ್ಮೆ ಎದ್ದು ಹೆಬ್ಬಾಗಿಲಿಗೆ ಹೋಗಿ ಬಂದೆ. ನೀವು ಹೇಗಾದರೂ ಓದಿರಬಹುದು, ಮೇಲಿನ ಸಾಲು ಬದಲಾಗಿರಬಹುದು ಎಂದು. ಹಸಿರು ದಾರ ಜೇಬಿನಲ್ಲಿತ್ತು, ಅದನ್ನು ಬೆರಳಿಗೆ ಸುತ್ತಿಕೊಂಡೇ ಹೋದೆ. ಹೊಸ ಚೌಕಟ್ಟು ಕೂರಿಸಿದ್ದಾರೆ. ಮರಕ್ಕೆ ಎಣ್ಣೆ ಹಚ್ಚಿ ಚೆನ್ನಾಗಿ ಮಿಂಚಿಸಿದ್ದಾರೆ. ಎರಡೇ ಸಾಲು ಕಾಣುತ್ತವೆ.

ಯಮನೂರಪ್ಪ,
ನೀಲಗಂಗಾಳ ಗಂಡ